ರೈತನಿಗೆ ಮನಸ್ಸಿಲ್ಲವೋ, ನೆಲದ ಕಾಗದವೇ ಇಲ್ಲವೋ?



ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಅರ್ಧಕ್ಕೆ ಬಿಟ್ಟು ಜಗಳಕ್ಕೆ ಬರಬೇಡಿ, ಪೂರ್ತಿ ಓದಿ ಬನ್ನಿ.

ಸುಸ್ಥಿರ ಕೃಷಿ, ಸಾವಯವ ಕೃಷಿ, ನೈಸರ್ಗಿಕ ಕೃಷಿ. ಹೆಸರು ಏನಾದ್ರೂ ಇರಲಿ, ವಿಚಾರ ಸಂಕಿರಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತೆ: "ರೈತರಿಗೆ ಬದಲಾಗುವ ಮನಸ್ಸಿಲ್ಲ". ಅದಕ್ಕೆ ಪ್ರಶ್ನಾವಳಿ ತಯಾರಾಗುತ್ತೆ. ವಯಸ್ಸೆಷ್ಟು, ಓದೆಷ್ಟು, ಜಮೀನೆಷ್ಟು, ಸಾವಯವ ಗೊಬ್ಬರ ಹಾಕಲು ಇಚ್ಛೆ ಇದೆಯೇ, ಹೌದು ಅಥವಾ ಇಲ್ಲ. ಇಲ್ಲ ಅಂದವನು ಹಿಂದುಳಿದ ಮನಸ್ಸಿನವನು, ಅವನಿಗೆ ತರಬೇತಿ ಕೊಡಬೇಕು. ಇಷ್ಟೇ ಲೆಕ್ಕ.

ಆದರೆ ಆ ಪ್ರಶ್ನಾವಳಿ ಹಿಡ್ಕೊಂಡು ಬರೋರು ಯಾರ ಮನೆಗೆ ಹೋಗ್ತಾರೆ ಅಂತ ಯೋಚನೆ ಮಾಡಿದ್ದೀರಾ? ಪಹಣಿ ಇದ್ದವರ ಮನೆಗೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವನೇ ಸರ್ಕಾರದ ಲೆಕ್ಕದಲ್ಲಿ ರೈತ. ಬೆಳಗ್ಗೆ ಆರಕ್ಕೆ ಹೊಲಕ್ಕೆ ಇಳಿದು ಸಂಜೆ ಆರಕ್ಕೆ ಹತ್ತೋ ಹೆಂಗಸು ರೈತಳಲ್ಲ, ಅವಳು ಕೂಲಿ. 2011ರ ಜನಗಣತಿ ಪ್ರಕಾರ ಈ ದೇಶದಲ್ಲಿ ಬೇಸಾಯದಲ್ಲಿ ದುಡಿಯೋ ಹತ್ತು ಜನ ದಲಿತರಲ್ಲಿ ಸುಮಾರು ಏಳು ಜನ ಕೂಲಿಯವರು. ಆ ಏಳು ಜನರ 'ಮನಸ್ಸು' ಯಾವ ಪ್ರಶ್ನಾವಳಿಯಲ್ಲೂ ಬರಲ್ಲ. ಹೊಲಕ್ಕೆ ಏನು ಹಾಕಬೇಕು, ಏನು ಬಿತ್ತಬೇಕು ಅಂತ ಅವರನ್ನ ಯಾರೂ ಯಾವತ್ತೂ ಕೇಳಿಲ್ಲ. ಔಷಧಿ ಕ್ಯಾನು ಬೆನ್ನಿಗೆ ಏರಿಸುವಾಗ ಮಾತ್ರ ಕರೀತಾರೆ.

ಹಾಗಾಗಿ ಇವತ್ತು ಮನಸ್ಸಿನ ಚರಿತ್ರೆ ಪಕ್ಕಕ್ಕಿಟ್ಟು ನೆಲದ ಚರಿತ್ರೆ ಬರೀತೀನಿ.

ನಮ್ಮ ಕೋಲಾರದ ಕಡೆ ಕೆರೆಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಆ ಕೆರೆಗಳನ್ನ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ತೂಬು ಎತ್ತಿದವನ ಹೆಸರು ಇಲ್ಲ. ಅವನು ನೀರುಗಂಟಿ. ನಮ್ಮ ಕಡೆ ಬಹುಪಾಲು ಊರುಗಳಲ್ಲಿ ನೀರುಗಂಟಿ ಹೊಲೆಯ ಅಥವಾ ಮಾದಿಗರವನು. ಕೆರೆಯಲ್ಲಿ ನೀರು ಎಷ್ಟಿದೆ, ಈ ಸಲ ಎಷ್ಟು ಎಕರೆ ಭತ್ತಕ್ಕೆ ಸಾಲುತ್ತೆ, ಮಳೆ ಕೈಕೊಟ್ಟರೆ ಯಾವ ಗದ್ದೆಗೆ ಮೊದಲು, ಬಾಲದ ಗದ್ದೆಗೆ ಎಷ್ಟು ಹೊತ್ತು, ಇದೆಲ್ಲ ಅವನ ತಲೆಯಲ್ಲಿತ್ತು. ರಾತ್ರಿ ಕಾಲುವೆ ಒಡೆದರೆ ಅವನೇ ಓಡಬೇಕು. ಯಾರಾದ್ರೂ ಕದ್ದು ಮಡವೆ ತಿರುಗಿಸಿದ್ರೆ ಅವನೇ ಹೋಗಿ ಮುಚ್ಚಬೇಕು, ಬೈಸ್ಕೊಬೇಕು. ಸುಗ್ಗಿಯಲ್ಲಿ ಕಣದಲ್ಲಿ ನಿಂತು ಆಯ ತಗೊಂಡು ಬರಬೇಕು. ನಮ್ಮ ತಾತನೂ ನೀರುಗಂಟಿ. ಇವತ್ತು 'ಸಮುದಾಯ ಆಧಾರಿತ ಜಲ ನಿರ್ವಹಣೆ' ಅಂತ ಪವರ್ ಪಾಯಿಂಟ್‌ನಲ್ಲಿ ತೋರಿಸ್ತಾರಲ್ಲ, ಅದನ್ನ ನಮ್ಮವರು ಚಪ್ಪಲಿ ಇಲ್ಲದ ಕಾಲಲ್ಲಿ ಮಾಡ್ತಿದ್ರು. ತಮಾಷೆ ಏನಂದ್ರೆ ಊರಿಗೆಲ್ಲ ನೀರು ಹಂಚುವ ಅವನಿಗೆ ಊರ ಬಾವಿಯಿಂದ ಒಂದು ಕೊಡ ನೀರು ಸೇದೋ ಹಕ್ಕಿರಲಿಲ್ಲ.

ಗೊಬ್ಬರದ ವಿಷಯವೂ ಅಷ್ಟೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಗೋಡು ತೆಗೆದು ಹೊಲಕ್ಕೆ ಹೊಡೆಯೋದು, ತಿಪ್ಪೆ ತುಂಬಿ ಕೊಳೆಸೋದು, ಕುರಿ ಮಂದೆ ನಿಲ್ಲಿಸೋದು, ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು ಹಾಕೋದು. ಇದನ್ನೆಲ್ಲ 'ನಮ್ಮ ಪೂರ್ವಜರ ಜ್ಞಾನ' ಅಂತ ಈಗ ವೇದಿಕೆ ಮೇಲೆ ಹೊಗಳ್ತಾರೆ. ಹೊಗಳಲಿ. ಆದರೆ ಗೌಡರ ಮನೆ ತಿಪ್ಪೆ ಹೊತ್ತವನು ಯಾರು? ಜೀತಕ್ಕಿದ್ದ ಹುಡುಗ. ಯಾವ ತೆನೆ ಬೀಜಕ್ಕೆ, ಯಾವುದು ಹಿಟ್ಟಿಗೆ ಅಂತ ಆರಿಸಿದವಳು ಯಾರು? ಕುಯ್ಲಿಗೆ ಬಂದ ಅವನ ಅವ್ವ. ಜ್ಞಾನ ನಮ್ಮದು, ಪೂರ್ವಜರು ಮಾತ್ರ ಅವರವರು.

ಕಾಂಪೋಸ್ಟ್ ಅಂತ ಬಂದಾಗ ಒಂದು ಕಥೆ ಹೇಳಲೇಬೇಕು. ಕೃಷಿ ಓದಿದವರಿಗೆಲ್ಲ 'ಬೆಂಗಳೂರು ವಿಧಾನ' ಗೊತ್ತಿರುತ್ತೆ. 1939ರಲ್ಲಿ ಡಾ. ಸಿ.ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ರೂಪಿಸಿದ ಪದ್ಧತಿ. ಗುಂಡಿ ತೋಡಿ ಒಂದು ಪದರ ಊರ ಕಸ, ಒಂದು ಪದರ ಮಲ, ಮತ್ತೆ ಕಸ, ಮತ್ತೆ ಮಲ, ಮೇಲೆ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಬಿಟ್ಟರೆ ಒಳ್ಳೆ ಗೊಬ್ಬರ. ವಿಜ್ಞಾನವಾಗಿ ಇದು ನಿಜಕ್ಕೂ ದೊಡ್ಡ ಕೆಲಸ. ನಗರದ ಹೊಲಸು ಹೊಲದ ಫಲವಾಗುತ್ತೆ, ಇದಕ್ಕಿಂತ 'ಸುಸ್ಥಿರ' ಇನ್ನೇನು ಬೇಕು? ಪಠ್ಯಪುಸ್ತಕದಲ್ಲಿ ಗುಂಡಿಯ ಉದ್ದ, ಅಗಲ, ಆಳ, ಪದರದ ದಪ್ಪ ಎಲ್ಲ ಕೊಟ್ಟಿರ್ತಾರೆ. ಮಲ ಆ ಗುಂಡಿವರೆಗೆ ಯಾರ ತಲೆ ಮೇಲೆ ಬಂತು ಅನ್ನೋ ಒಂದು ಸಾಲು ಇರಲ್ಲ. ಅದನ್ನ ಕೇಳಿದವರು ಕೃಷಿ ವಿಜ್ಞಾನಿಗಳಲ್ಲ, ನಮ್ಮ ಬಿ. ಬಸವಲಿಂಗಪ್ಪನವರು. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿ ಎಪ್ಪತ್ತರ ದಶಕದ ಮೊದಲಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. ಅದಕ್ಕೆ ಮೆರವಣಿಗೆ ಆಗಲಿಲ್ಲ. ಬೂಸಾ ಅಂದ ಒಂದೇ ಮಾತಿಗೆ 1973ರಲ್ಲಿ ರಾಜ್ಯವೆಲ್ಲ ಬೀದಿಗಿಳೀತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಒಂದು ಪದ್ಧತಿ ಮಣ್ಣಿಗೆ ಒಳ್ಳೇದಾಗಿರಬಹುದು, ಅದನ್ನ ಮಾಡೋ ಮನುಷ್ಯನಿಗೆ ನರಕವಾಗಿರಬಹುದು. ನಮ್ಮ ಹುಡುಗರು ಯೂರಿಯಾ ಮೂಟೆ ಬಂದಾಗ ಖುಷಿಪಟ್ಟರು. ಯಾಕೆ ಪಡಬಾರದು? ತಿಪ್ಪೆ ಕುಕ್ಕೆ ತಲೆ ಮೇಲಿಂದ ಇಳೀತು. 'ರಾಸಾಯನಿಕ ವ್ಯಾಮೋಹ' ಅಂತ ಬೈಯೋರು ಒಂದು ಬೇಸಿಗೆ ತಿಪ್ಪೆ ಹೊತ್ತು ಆಮೇಲೆ ಬೈಯಲಿ.

ಈಗ ನೆಲಕ್ಕೆ ಬರೋಣ.

ನೀರುಗಂಟಿ, ತೋಟಿ, ತಳವಾರ, ಇವರಿಗೆಲ್ಲ ಚಾಕರಿಗೆ ಪ್ರತಿಯಾಗಿ ಇನಾಮು ಜಮೀನು ಇತ್ತು. ಒಂದೆಕರೆ, ಅರ್ಧ ಎಕರೆ, ಊರಿನ ಬರಡು ಮೂಲೆಯಲ್ಲಿ. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದಿದ್ದು ಇದೇ ಕಾರಣಕ್ಕೆ. ತುಂಡು ನೆಲ ಕೊಟ್ಟು ತಲೆಮಾರುಗಳ ಬಿಟ್ಟಿ ಚಾಕರಿ ಹಿಂಡೋ ವ್ಯವಸ್ಥೆ ಅದು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಆಯ್ತು, 1963ರ ಫೆಬ್ರವರಿ 1ರಿಂದ ಜಾರಿ. ಚಾಕರಿ ಹೋಯ್ತು, ಒಳ್ಳೇದೇ. ಜಮೀನು? ಸರ್ಕಾರ ವಾಪಸ್ ತಗೊಂಡು ಮತ್ತೆ ಅವರಿಗೇ ಮರು ಮಂಜೂರು ಮಾಡಬೇಕು, ಅದಕ್ಕೆ ಕಂದಾಯದ ಹಲವು ಪಟ್ಟು ಹಣ ಕಟ್ಟಬೇಕು, ಅರ್ಜಿ ಹಾಕಬೇಕು. ಓದು ಬರಹ ಇಲ್ಲದ ತೋಟಿ ತಾಲ್ಲೂಕು ಕಚೇರಿ ಮೆಟ್ಟಿಲಲ್ಲಿ ನಿಂತು ಅರ್ಜಿ ಬರೆಸೋಕೆ ಯಾರನ್ನ ಹಿಡೀತಾನೆ? ಶಾನುಭೋಗರನ್ನ, ಸಾಹುಕಾರನನ್ನ. ಎಷ್ಟೋ ಊರುಗಳಲ್ಲಿ ಕಥೆ ಅಲ್ಲಿಗೇ ಮುಗೀತು. ನಾನು ಗುಮಾಸ್ತ, ಹಳೇ ಫೈಲು ತಿರುವಿ ಹಾಕೋದು ನನ್ನ ಕಸುಬು. ಹೆಬ್ಬೆಟ್ಟಿನ ಗುರುತು ಒಬ್ಬರದು, ಅಕ್ಷರ ಇನ್ನೊಬ್ಬರದು, ಜಮೀನು ಮೂರನೆಯವರಿಗೆ. ಇಂಥ ಕಾಗದ ನೋಡಿ ನೋಡಿ ಕಣ್ಣು ಮರಗಟ್ಟಿವೆ.

ಆಮೇಲೆ 1974. ಉಳುವವನೇ ಒಡೆಯ. ಅರಸು ಅವರ ಭೂಸುಧಾರಣೆಯನ್ನ ನಾನು ಹಗುರವಾಗಿ ಮಾತಾಡಲ್ಲ, ಲಕ್ಷಾಂತರ ಗೇಣಿದಾರರು ಅದರಿಂದ ಒಡೆಯರಾದರು. ಕರಾವಳಿ, ಮಲೆನಾಡಿನಲ್ಲಿ ಸಮಾಜವೇ ಬದಲಾಯ್ತು. ಆದರೆ ಆ ಕಾಯ್ದೆಯ 4ನೇ ಕಲಂ ತೆಗೆದು ಓದಿ. ಬೇರೆಯವರ ಜಮೀನನ್ನ ಕಾನೂನುಬದ್ಧವಾಗಿ ಉಳುವವನು ಗೇಣಿದಾರ. ಆದರೆ ಅವನು ಮಾಲೀಕನ ಕುಟುಂಬದವನಾಗಿರಬಾರದು, ಮತ್ತೆ ಹಣವೋ ದವಸವೋ ಕೂಲಿ ಪಡೆಯೋ ಆಳು ಆಗಿರಬಾರದು. ಅಂದ್ರೆ ಜೀತದಾಳು ಉಳುವವನಲ್ಲ! ಮೂರು ತಲೆಮಾರು ಒಂದೇ ಹೊಲ ಉತ್ತವನು, ವರ್ಷಕ್ಕೆ ಇಷ್ಟು ಪಲ್ಲ ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು ಪಡೆದವನು, ಅವನು ಆಳು. ಫಾರಂ 7 ಅವನಿಗಲ್ಲ. ಜೀತ ರದ್ದಾಗಿದ್ದು 1975ರ ಸುಗ್ರೀವಾಜ್ಞೆ, 1976ರ ಕಾಯ್ದೆಯಿಂದ. ಅಂದ್ರೆ ಉಳುವವನಿಗೆ ಭೂಮಿ ಹಂಚೋ ಹೊತ್ತಿಗೆ ನಮ್ಮವರು ಇನ್ನೂ ಜೀತದಲ್ಲಿದ್ರು, ಜೀತದಿಂದ ಬಿಡುಗಡೆ ಆದಾಗ ಕೈಯಲ್ಲಿ ಭೂಮಿ ಇರಲಿಲ್ಲ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ದಸಂಸ ಭೂಮಿ ಪ್ರಶ್ನೆಯನ್ನ ಯಾಕೆ ಅಷ್ಟು ಗಟ್ಟಿಯಾಗಿ ಹಿಡೀತು ಅಂತ ಕೇಳೋ ಹುಡುಗರು ಇದನ್ನ ನೆನಪಿಟ್ಕೊಳ್ಳಿ.

ಅದೇ ಕಾಯ್ದೆ ಇನ್ನೊಂದು ಕೆಲಸ ಮಾಡ್ತು. ಮುಂದೆ ಯಾರೂ ಜಮೀನು ಗೇಣಿಗೆ ಕೊಡಬಾರದು ಅಂತ ನಿಷೇಧ ಹಾಕಿತು. ಉದ್ದೇಶ ಒಳ್ಳೇದು. ಆದರೆ ಗೇಣಿ ನಿಂತಿತಾ? ಇವತ್ತು ಊರೂರಲ್ಲಿ ವಾರಕ್ಕೆ, ಗುತ್ತಿಗೆಗೆ ಮಾಡೋರು ಇದ್ದೇ ಇದಾರೆ. ಎಲ್ಲ ಬಾಯಿಮಾತು, ಕಾಗದ ಇಲ್ಲ. ಜಮೀನ್ದಾರನಿಗೆ ಒಂದು ಹೆದರಿಕೆ: ಒಬ್ಬನೇ ನಾಲ್ಕು ವರ್ಷ ಮಾಡಿದ್ರೆ ನಾಳೆ ಹಕ್ಕು ಕೇಳ್ತಾನೆ ಅಂತ. ಅದಕ್ಕೆ ಒಂದು ವರ್ಷ, ಎರಡು ವರ್ಷಕ್ಕೆ ಆಳು ಬದಲಾಯಿಸ್ತಾನೆ.

ಸುಸ್ಥಿರ ಕೃಷಿ ಮಾತಾಡೋರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಟ್ಟಿಗೆ ಗೊಬ್ಬರ ಹಾಕಿದ ವರ್ಷವೇ ಪೂರ್ತಿ ಫಲ ಕೊಡಲ್ಲ, ಎರಡನೇ ವರ್ಷ, ಮೂರನೇ ವರ್ಷ ಕೊಡುತ್ತೆ. ಬದು ಹಾಕಿದ್ರೆ ಮಣ್ಣು ನಿಲ್ಲೋಕೆ ಎರಡು ಮಳೆಗಾಲ ಬೇಕು. ಬದುವಿನ ಮೇಲೆ ಹೊಂಗೆ, ಗ್ಲಿರಿಸಿಡಿಯಾ ನೆಟ್ಟರೆ ಸೊಪ್ಪು ಕೊಯ್ಯೋಕೆ ಎರಡು-ಮೂರು ವರ್ಷ. ಯೂರಿಯಾ ಹಾಕಿದ್ರೆ ಹತ್ತು ದಿನಕ್ಕೆ ಪೈರು ಹಸಿರಾಗುತ್ತೆ. ಮುಂದಿನ ಯುಗಾದಿಗೆ ಈ ಹೊಲ ನನ್ನ ಕೈಯಲ್ಲಿ ಇರುತ್ತೋ ಇಲ್ಲವೋ ಗೊತ್ತಿಲ್ಲದವನು ಯಾವುದನ್ನ ಹಾಕ್ತಾನೆ? ಅವನಿಗೆ ಬುದ್ಧಿ ಇಲ್ಲ ಅಂತ ಅಲ್ಲ ಸ್ವಾಮಿ. ಲೆಕ್ಕ ನಿಮಗಿಂತ ಚೆನ್ನಾಗಿ ಬರುತ್ತೆ. ಪಕ್ಕದವನ ಹೊಲಕ್ಕೆ ಮೂರು ವರ್ಷದ ಗೊಬ್ಬರ ಹಾಕೋ ದಾನಶೂರ ಕರ್ಣ ಯಾರೂ ಇಲ್ಲ.

ಬಾಬಾಸಾಹೇಬರು 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಆಗ ಎಲ್ಲರೂ ಹಿಡುವಳಿ ಚಿಕ್ಕದು, ಅದಕ್ಕೇ ಬೇಸಾಯ ಹಾಳು, ಒಟ್ಟುಗೂಡಿಸಿ ಅಂತಿದ್ರು. ಇವರು ತಿರುಗಿಸಿ ಕೇಳಿದರು. ಹೊಲ ಚಿಕ್ಕದೋ ದೊಡ್ಡದೋ ಅನ್ನೋದು ಎಕರೆಯಿಂದ ತೀರ್ಮಾನ ಆಗಲ್ಲ, ಅದರ ಜೊತೆ ಬಂಡವಾಳ ಎಷ್ಟಿದೆ, ಎತ್ತು ನೇಗಿಲು ಎಷ್ಟಿದೆ, ಅದನ್ನ ನಂಬಿರೋ ಜನ ಎಷ್ಟಿದಾರೆ ಅನ್ನೋದರಿಂದ ಆಗುತ್ತೆ ಅಂತ. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ದಾಖಲೆಯಲ್ಲಿ ಇನ್ನೂ ಮುಂದೆ ಹೋದರು. ಭೂಮಿ ಸರ್ಕಾರದ್ದಾಗಲಿ, ಜಾತಿ ನೋಡದೆ ಊರಿನವರಿಗೆಲ್ಲ ಕೊಡಲಿ, ಸಾಮೂಹಿಕವಾಗಿ ಉಳಲಿ, ಒಡೆಯ-ಗೇಣಿದಾರ-ಕೂಲಿ ಅನ್ನೋ ಮೂರೂ ಇರಬಾರದು. ನೀರು, ಎತ್ತು, ಸಲಕರಣೆ, ಗೊಬ್ಬರ, ಬೀಜಕ್ಕೆ ಸರ್ಕಾರವೇ ಹಣ ಒದಗಿಸಬೇಕು ಅಂತ ಬರೆದಿದಾರೆ. ಗೊಬ್ಬರ ಮತ್ತು ಬೀಜ! ಬಾಬಾಸಾಹೇಬರಿಗೆ ಕೃಷಿ ಬಗ್ಗೆ ಆಸಕ್ತಿ ಇರಲಿಲ್ಲ, ನಗರಕ್ಕೆ ಹೋಗಿ ಅಂದ್ರು ಅಷ್ಟೇ ಅನ್ನೋರು ಇದನ್ನ ಓದಿಲ್ಲ.

ಸರಿ, ಇದೆಲ್ಲ ಇಲ್ಲ ಇಲ್ಲ ಅನ್ನೋ ಕಥೆ ಆಯ್ತು. ಆದ ಕಥೆಯೂ ಒಂದಿದೆ, ಅದಕ್ಕೇ ಈ ಪೋಸ್ಟ್.

ಬೀದರ್ ದಾಟಿದರೆ ಜಹೀರಾಬಾದ್. 1956ರ ತನಕ ಅದು ಬೀದರ್ ಜಿಲ್ಲೆಯದೇ ತಾಲ್ಲೂಕು. ಭಾಷಾವಾರು ಪ್ರಾಂತ್ಯ ಆದಾಗ ಮೇದಕ್‌ಗೆ ಹೋಯ್ತು, ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ಅಲ್ಲಿ ಪಸ್ತಾಪುರ ಅನ್ನೋ ಊರಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯ್ತು. ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ನಮ್ಮ ಮೈಸೂರಿನವರು, ಮೊದಲು ದೂರದರ್ಶನದಲ್ಲಿದ್ದವರು. ನನಗೆ ಸಂಸ್ಥೆಗಳು ಅಂದ್ರೆ ಸ್ವಲ್ಪ ಅನುಮಾನ ಜಾಸ್ತಿ, ಸ್ನೇಹಿತರಿಗೆ ಗೊತ್ತು. ಫೋಟೋ ತೆಗೆಸ್ಕೊಂಡು ವರದಿ ಬರೆದು ಹೋಗೋರನ್ನ ತುಂಬ ನೋಡಿದೀನಿ. ಆದರೆ ಇಲ್ಲಿ ನೋಡಬೇಕಾದ್ದು ಸಂಸ್ಥೆಯನ್ನಲ್ಲ, ಆ ಸಂಘಗಳ ಹೆಂಗಸರನ್ನ. ಸುಮಾರು 75 ಹಳ್ಳಿ, ಐದು ಸಾವಿರದಷ್ಟು ಹೆಂಗಸರು, ಬಹುಪಾಲು ದಲಿತರು, ಬಹುಪಾಲು ಓದು ಬರಹ ಇಲ್ಲದವರು.

ಅವರ ಬಳಿ ಜಮೀನು ಪೂರ್ತಿ ಇರಲಿಲ್ಲ ಅಂತಲ್ಲ. ಸೀಲಿಂಗ್ ಕಾಯ್ದೆಯಲ್ಲಿ ಸರ್ಕಾರ ಹಂಚಿದ ಎಕರೆ, ಎರಡೆಕರೆ ಕೆಲವರಿಗಿತ್ತು. ಎಂಥದ್ದು? ಮುರುಕಲ್ಲು, ಕೆಂಪು ಜಲ್ಲಿ, ಮಳೆ ಬಂದ್ರೆ ಮಣ್ಣೇ ನಿಲ್ಲದ ಇಳಿಜಾರು. ಜಮೀನ್ದಾರ ಸೀಲಿಂಗ್‌ಗೆ ಒಳ್ಳೇ ನೆಲ ಬಿಡ್ತಾನಾ? ಉಳೋಕೆ ಎತ್ತಿಲ್ಲ, ಬಿತ್ತೋಕೆ ಬೀಜವಿಲ್ಲ. ಹಾಗಾಗಿ ಪಾಳು ಬಿದ್ದಿತ್ತು, ಹೆಂಗಸರು ಸಾಹುಕಾರರ ಹೊಲಕ್ಕೆ ಕೂಲಿ. ಅದೇ 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕೆ.ಜಿ.ಗೆ ಎರಡು ರೂಪಾಯಿ ಅಕ್ಕಿ ತಂತು. ಹಸಿದವರಿಗೆ ಅಕ್ಕಿ ಬಂತು, ಅದನ್ನ ನಾನು ಬೈಯಲ್ಲ. ನಮ್ಮ ಅನ್ನಭಾಗ್ಯವನ್ನೂ ಬೈಯಲ್ಲ. ನೆಲ್ಲಕ್ಕಿ ಅನ್ನ ಹಬ್ಬಕ್ಕೆ ಮಾತ್ರ ಕಂಡ ಕೇರಿಯಲ್ಲಿ ಹುಟ್ಟಿದವನು ನಾನು, ಬೆಳ್ಳಗಿರೋ ಅನ್ನ ನಮ್ಮ ಜನಕ್ಕೆ ಹೊಟ್ಟೆಪಾಡು ಮಾತ್ರವಲ್ಲ, ಮರ್ಯಾದೆ. ಆದರೆ ಆ ಅಕ್ಕಿ ಬೇರೆಲ್ಲೋ ನೀರಾವರಿ ಗದ್ದೆಯಲ್ಲಿ, ಸಬ್ಸಿಡಿ ಗೊಬ್ಬರದಲ್ಲಿ ಬೆಳೆದದ್ದು. ಇಲ್ಲಿನ ಜೋಳಕ್ಕೆ ಬೆಲೆ ಇಲ್ಲ, ಬೆಂಬಲ ಇಲ್ಲ. ಬಡವರ ನೆಲ ಪಾಳು ಬೀಳೋದಕ್ಕೆ ಇದೂ ಒಂದು ಕಾರಣ ಅಂತ ಆ ಹೆಂಗಸರೇ ಲೆಕ್ಕ ಹಾಕಿದರು.

ಮೊದಲು ಕಲ್ಲು ಆಯ್ದರು, ಬದು ಹಾಕಿದರು. ಆಮೇಲೆ ತೊಂಬತ್ತರ ದಶಕದ ನಡುವೆ ಸಮುದಾಯ ಧಾನ್ಯ ನಿಧಿ ಅಂತ ಶುರು ಮಾಡಿದರು. ಇದರ ರಚನೆ ಸ್ವಲ್ಪ ಗಮನ ಇಟ್ಟು ನೋಡಿ, ಸೊಗಸಾಗಿದೆ. ಪಾಳು ನೆಲ ಇರೋ ಹೆಂಗಸಿಗೆ ಎಕರೆ ಲೆಕ್ಕದಲ್ಲಿ ಸಾಲ. ಉಳೋದಕ್ಕೆ, ಕೊಟ್ಟಿಗೆ ಗೊಬ್ಬರಕ್ಕೆ, ಬೀಜಕ್ಕೆ. ಸಾಲ ತೀರಿಸೋದು ದುಡ್ಡಲ್ಲಿ ಅಲ್ಲ, ಜೋಳದಲ್ಲಿ, ಕೆಲವು ವರ್ಷಗಳಲ್ಲಿ ಕಂತು ಕಂತಾಗಿ. ಆ ಜೋಳ ಊರಲ್ಲೇ ಉಗ್ರಾಣದಲ್ಲಿ. ಮಳೆಗಾಲದಲ್ಲಿ ಕೂಲಿ ಇಲ್ಲದೆ ಒಲೆ ಆರಿದಾಗ ಅದೇ ಜೋಳ ಊರಿನ ಕಡುಬಡವರಿಗೆ ಕಡಿಮೆ ಬೆಲೆಗೆ. ಕಡುಬಡವರು ಯಾರು ಅಂತ ತೀರ್ಮಾನಿಸೋದು ತಹಸೀಲ್ದಾರ್ ಅಲ್ಲ. ಊರಿನ ನಕ್ಷೆ ನೆಲದ ಮೇಲೆ ಬಿಡಿಸಿ, ಮನೆ ಮನೆಗೂ ಗುರುತು ಹಾಕಿ, ಎಲ್ಲರ ಮುಂದೆ ಹೆಂಗಸರೇ ಪಟ್ಟಿ ಮಾಡಿದರು. ನಮ್ಮ ಬಿಪಿಎಲ್ ಪಟ್ಟಿ ಹೇಗೆ ಆಗುತ್ತೆ ಅಂತ ಗೊತ್ತಿರೋನಿಗೆ ಇದರ ಬೆಲೆ ಅರ್ಥವಾಗುತ್ತೆ. ಮೂವತ್ತಕ್ಕೂ ಹೆಚ್ಚು ಹಳ್ಳಿಯಲ್ಲಿ ಎರಡು ಸಾವಿರ ಎಕರೆಗೂ ಮೇಲೆ ಪಾಳು ನೆಲ ಹಸಿರಾಯ್ತು. ಜೋಳ ಬಂದ್ರೆ ಸೊಪ್ಪೆ ಬಂತು, ಸೊಪ್ಪೆ ಬಂದ್ರೆ ಎಮ್ಮೆ ನಿಂತಿತು, ಎಮ್ಮೆ ನಿಂತರೆ ಗೊಬ್ಬರ. ಸುಸ್ಥಿರ ಕೃಷಿಯ ಚಕ್ರ ಅಂತಾರಲ್ಲ, ಅದನ್ನ ತಿರುಗಿಸೋಕೆ ಮೊದಲ ತಳ್ಳು ಬೇಕಿತ್ತು ಅಷ್ಟೆ. ಭಾಷಣ ಬೇಕಿರಲಿಲ್ಲ.

ನೆಲ ಇಲ್ಲದವರು ಹತ್ತಿಪ್ಪತ್ತು ಜನ ಸೇರಿ ಗುತ್ತಿಗೆಗೆ ಹಿಡಿದರು. ಎಸ್‌ಸಿ ಕಾರ್ಪೊರೇಷನ್ ಯೋಜನೆಯಲ್ಲಿ ಕೆಲವು ಕಡೆ ಕೊಂಡುಕೊಂಡರು. ಒಂದೇ ಹೊಲದಲ್ಲಿ ಜೋಳ, ತೊಗರಿ, ನವಣೆ, ಸಜ್ಜೆ, ಹೆಸರು, ಅಲಸಂದೆ, ಪುಂಡಿ ಸೊಪ್ಪು ಹೀಗೆ ಹತ್ತು ಹದಿನೈದು ಬಗೆ. ಒಂದು ಕೈಕೊಟ್ಟರೆ ಇನ್ನೊಂದು. ಹಿಂಗಾರಿನಲ್ಲಿ ಮಳೆಯೇ ಇಲ್ಲದೆ ಇಬ್ಬನಿಯಲ್ಲೇ ಬೆಳೆಯೋ ಬೆಳೆಗಳಿಗೆ ಅವರು ಇಟ್ಟ ಹೆಸರು 'ಸತ್ಯಂ ಪಂಟಲು', ಸತ್ಯದ ಬೆಳೆಗಳು. ನಮ್ಮ ಕೋಲಾರದ ತೆಲುಗಿಗೂ ಅವರ ತೆಲುಗಿಗೂ ಅಜಗಜಾಂತರ, ಆದರೆ ಈ ಹೆಸರು ಕೇಳಿದಾಗ ನನಗೆ ಮೈ ಜುಮ್ಮೆಂತು. ನೀರಾವರಿ, ವಿದ್ಯುತ್, ಸಬ್ಸಿಡಿ ಏನೂ ಕೇಳದೆ ಬರೋ ಬೆಳೆ, ಸತ್ಯವಂತ ಬೆಳೆ.

ಕಳೆ ವಿಷಯ ಇನ್ನೊಂದು. ಕೃಷಿ ಇಲಾಖೆಗೆ ಕಳೆ ಅಂದ್ರೆ ಶತ್ರು. ನಮ್ಮ ಅವ್ವಂದಿರಿಗೆ ಅದು ಸಂಜೆಯ ಸಾರು. ಗೋಣಿಸೊಪ್ಪು, ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ. ಹೊಲದೊಡತಿಗೆ ಕಳೆ ಕಿತ್ತು ಕೊಟ್ಟು, ಸೊಪ್ಪು ಸೆರಗಲ್ಲಿ ಕಟ್ಟಿಕೊಂಡು ಬರೋದು ಕೂಲಿಯ ಒಂದು ಭಾಗವೇ ಆಗಿತ್ತು. ಕಳೆನಾಶಕ ಹೊಡೆದ ದಿನ ಎರಡು ಹೋಯ್ತು: ಕಳೆ ಕೀಳೋ ಕೂಲಿ, ಸಾರಿನ ಸೊಪ್ಪು. ಜಹೀರಾಬಾದಿನ ಹೆಂಗಸರು ಹೀಗೆ ಬಿತ್ತದೇ ಬರೋ ಸೊಪ್ಪುಗಳ ಪಟ್ಟಿ ಮಾಡಿ, ಇದೂ ಬೆಳೆಯೇ, ಇದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ವಿಜ್ಞಾನಿಗಳ ಜೊತೆ ವಾದ ಮಾಡಿದರು. ಕಳೆನಾಶಕದ ವಿರುದ್ಧ ಪರಿಸರವಾದಿಗಳು ನೂರು ಕಾರಣ ಹೇಳ್ತಾರೆ, ಈ ಕಾರಣ ಅವರ ಪಟ್ಟಿಯಲ್ಲಿ ಕಡೆಯಲ್ಲೂ ಇರಲ್ಲ.

ಬೀಜವನ್ನ ಬುಟ್ಟಿಯಲ್ಲಿ ಬೂದಿ, ಬೇವಿನೆಲೆ ಹಾಕಿ ಮಣ್ಣು ಮೆತ್ತಿ ಇಟ್ಟರು. ಬೀಜ ಸಾಲ ತಗೊಂಡವರು ವಾಪಸ್ ಕೊಡುವಾಗ ಹೆಚ್ಚಿಗೆ ಸೇರಿಸಿ ಬೀಜವನ್ನೇ ಕೊಡಬೇಕು. ಇದರಿಂದ ಒಂದು ಆಶ್ಚರ್ಯ ನಡೀತು. ಬೀಜ ಕೇಳ್ಕೊಂಡು ದೊಡ್ಡ ಜಾತಿಯ ರೈತರೂ ದಲಿತ ಹೆಂಗಸಿನ ಬಾಗಿಲಿಗೆ ಬಂದರು. ತಲೆಮಾರುಗಳಿಂದ ಅವರ ಬಾಗಿಲಲ್ಲಿ ಸೆರಗೊಡ್ಡಿ ನಿಂತವರ ಬಾಗಿಲಿಗೆ. ಸುಸ್ಥಿರತೆಗೆ ಯಾವ ಸೂಚ್ಯಂಕ ಬೇಕಾದ್ರೂ ಇಟ್ಕೊಳ್ಳಿ, ನನಗೆ ಇದೊಂದು ಸಾಕು.

ಪ್ರತಿ ವರ್ಷ ಸಂಕ್ರಾಂತಿ ಸುಮಾರಿಗೆ ಎತ್ತಿನ ಗಾಡಿಗಳಲ್ಲಿ ಬೀಜ ತುಂಬಿಕೊಂಡು ಹಳ್ಳಿ ಹಳ್ಳಿಗೆ ಹೋಗೋ 'ಪಾತ ಪಂಟಲ ಜಾತರ', ಹಳೇ ಬೆಳೆಗಳ ಜಾತ್ರೆ ಮಾಡಿದರು. ಕ್ಯಾಮರಾ ಹಿಡಿಯೋದು ಕಲಿತರು. 2002ರ ಮಾರ್ಚಲ್ಲಿ ಬಿಟಿ ಹತ್ತಿಗೆ ಸರ್ಕಾರ ಅನುಮತಿ ಕೊಟ್ಟಾಗ, ವಾರಂಗಲ್‌ಗೆ ಹೋಗಿ ಮೊದಲ ವರ್ಷ ಬೆಳೆದ ರೈತರನ್ನ ಕ್ಯಾಮರಾ ಮುಂದೆ ಕೂರಿಸಿ ಸಿನಿಮಾ ಮಾಡಿದರು. ಅಕ್ಷರ ಬಾರದ ಹೆಂಗಸರು! 2008ರ ಅಕ್ಟೋಬರ್ 15ಕ್ಕೆ ಮಾಚನೂರಲ್ಲಿ ಸಂಘಂ ರೇಡಿಯೋ. ದಲಿತ ಹೆಂಗಸರೇ ನಡೆಸೋ ಸಮುದಾಯ ಬಾನುಲಿ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ ಅವರು 2023ರ ಮಾರ್ಚಲ್ಲಿ ತೀರಿಕೊಂಡರು. ಅದೇ ವರ್ಷ ಜಗತ್ತೆಲ್ಲ ಸಿರಿಧಾನ್ಯ ವರ್ಷ ಆಚರಿಸ್ತಿತ್ತು. ಸ್ಟಾರ್ ಹೋಟೆಲಿನಲ್ಲಿ ನವಣೆ ಪಾಯಸ ತಿನ್ನೋರಲ್ಲಿ ಎಷ್ಟು ಜನಕ್ಕೆ ಪಸ್ತಾಪುರ ಗೊತ್ತಿತ್ತೋ.

ಈಗ ನಮ್ಮ ಕರ್ನಾಟಕದ ಕಥೆಗೆ ಬರ್ತೀನಿ. ಇಲ್ಲಿ ಸ್ವಲ್ಪ ಜನಕ್ಕೆ ಬೇಜಾರಾಗಬಹುದು.

ರೈತ ಸಂಘದ ಬಗ್ಗೆ ನನಗೆ ಗೌರವ ಇದೆ. ಪ್ರೊ. ನಂಜುಂಡಸ್ವಾಮಿಯವರು 1992ರಲ್ಲಿ ಕಾರ್ಗಿಲ್ ಕಚೇರಿಗೆ ನುಗ್ಗಿದ್ದು, 1998ರಲ್ಲಿ ಮಾನ್ಸಾಂಟೊ ಹತ್ತಿ ಸುಟ್ಟಿದ್ದು, ಅಷ್ಟು ಮುಂಚೆ ಅಷ್ಟು ಸ್ಪಷ್ಟವಾಗಿ ಬೀಜದ ರಾಜಕೀಯ ಹೇಳಿದವರು ದೇಶದಲ್ಲಿ ಕಮ್ಮಿ. ಆದರೆ ರೈತ ಸಂಘದ ಹಸಿರು ಶಾಲಿನ ಒಳಗೆ ಕೂಲಿಯವನ ಮಜೂರಿ ಪ್ರಶ್ನೆ ಎಷ್ಟು ದಿನ ಜಾಗ ಪಡೀತು ಅಂತ ನೀವೇ ಹೇಳಿ. ಆಮೇಲೆ 2000ದ ನಂತರ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿ ಬಂತು. ರೈತ ಸಂಘವೇ ಶಿಬಿರ ಮಾಡಿ ಹರಡಿತು. ಸಾಲದಲ್ಲಿ ಮುಳುಗಿದ್ದ ಎಷ್ಟೋ ರೈತರಿಗೆ ಅದು ಉಸಿರು ಕೊಟ್ಟಿದ್ದು ಸುಳ್ಳಲ್ಲ. ಪಾಳೇಕರ್‌ಗೆ 2016ರಲ್ಲಿ ಪದ್ಮಶ್ರೀ, 2019ರ ಕೇಂದ್ರ ಬಜೆಟ್ ಭಾಷಣದಲ್ಲೂ ಅದರ ಹೆಸರು.

ಜೀವಾಮೃತದ ಲೆಕ್ಕ ಎಲ್ಲರಿಗೂ ಗೊತ್ತು. ಹತ್ತು ಕೆ.ಜಿ. ಸಗಣಿ, ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ಬೇಳೆ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ, 200 ಲೀಟರ್ ನೀರು. ಒಂದು ನಾಟಿ ಹಸು ಇದ್ರೆ 30 ಎಕರೆಗೆ ಸಾಕಂತೆ. ನನ್ನ ಪ್ರಶ್ನೆ ಸರಳ: 30 ಎಕರೆ ಯಾರ ಹತ್ರ ಇದೆ? ನಮ್ಮ ಕೇರಿಯಲ್ಲಿ 30 ಗುಂಟೆ ಇದ್ದವನು ಶ್ರೀಮಂತ. ಒಂದೂವರೆ ಎಕರೆಗೆ ಒಂದು ಹಸು ಕಟ್ಟಿದ್ರೆ ಅದಕ್ಕೆ ಮೇವೆಲ್ಲಿ? ಗೋಮಾಳ ಒತ್ತುವರಿ ಆಗಿ ಯಾವ ಕಾಲ ಆಯ್ತು. ಹಾಲು ಬತ್ತಿದ ಮೇಲೆ ಆ ಹಸುವನ್ನ ಏನು ಮಾಡಬೇಕು? 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮಾರೋ ದಾರಿ ಮುಚ್ಚಿತು. ಮೊದಲು ಮುದಿ ಎತ್ತು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಎಳೇ ಎತ್ತು ತರ್ತಿದ್ರು. ಸಣ್ಣ ರೈತನ ಬೇಸಾಯ ನಿಂತಿದ್ದೇ ಆ ಚಲಾವಣೆ ಮೇಲೆ. ಹಸುವಿನ ಸಗಣಿ ಬೇಕು, ಹಸು ಸಾಕೋನ ಬದುಕು ಬೇಡ ಅಂದ್ರೆ ಅದು ಯಾವ ಸೀಮೆ ನೈಸರ್ಗಿಕ ಕೃಷಿ? ಹಟ್ಟಿಯಲ್ಲಿ ಹಂದಿ, ಕೋಳಿ, ಎಮ್ಮೆ ಇದೆ. ಅವುಗಳ ಗೊಬ್ಬರಕ್ಕೆ ಜೀವ ಇಲ್ಲವಾ? ಜಹೀರಾಬಾದಿನ ಹೆಂಗಸರಿಗೆ ಇಂಥ ಮಡಿ ಇರಲಿಲ್ಲ, ಯಾವುದು ಸಿಕ್ಕಿತೋ ಅದನ್ನ ಹಾಕಿದರು.

ಮಂಜೂರಾತಿ ಜಮೀನಿನ ಕಥೆ ಹೇಳದೆ ಹೋದ್ರೆ ಪೋಸ್ಟ್ ಪೂರ್ತಿ ಆಗಲ್ಲ. 1978ರ ಪಿಟಿಸಿಎಲ್ ಕಾಯ್ದೆ, 1979ರ ಜನವರಿ 1ರಿಂದ ಜಾರಿ. ಸರ್ಕಾರ ಪರಿಶಿಷ್ಟರಿಗೆ ಕೊಟ್ಟ ಜಮೀನನ್ನ ಷರತ್ತು ಮೀರಿ ಯಾರಾದ್ರೂ ಕೊಂಡಿದ್ರೆ ಆ ಕ್ರಯ ಅಸಿಂಧು, ಎ.ಸಿ. ಅವರು ವಾಪಸ್ ಕೊಡಿಸಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಎತ್ತಿ ಹಿಡೀತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ತಡವಾಗಿ ಬಂದಿರಿ, ಸಮಂಜಸ ಕಾಲದಲ್ಲಿ ಬರಬೇಕಿತ್ತು ಅಂತ ತೀರ್ಪು ಬಂತು. ಆಮೇಲೆ ಅದೇ ಆಧಾರದ ಮೇಲೆ ನಮ್ಮವರ ಅರ್ಜಿಗಳು ಸಾಲು ಸಾಲಾಗಿ ವಜಾ. ಬೆಂಗಳೂರಲ್ಲಿ ತಿಂಗಳುಗಟ್ಟಲೆ ಧರಣಿ ಕೂತು 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಇತ್ತ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದು ದುಡ್ಡಿದ್ದವರು ಯಾರು ಬೇಕಾದ್ರೂ ಹೊಲ ಕೊಳ್ಳಿ ಅಂತ ಬಾಗಿಲು ತೆಗೆದರು. ಬಗರ್ ಹುಕುಂ ಫಾರಂ 50, 53, 57 ಹಾಕಿ ಕೂತಿರೋರಲ್ಲಿ ಅಪ್ಪ ಹಾಕಿದ ಅರ್ಜಿಗೆ ಮಗ ಅಲೀತಿರೋರು ಎಷ್ಟೋ. ಹಕ್ಕುಪತ್ರ ಬರೋ ತನಕ ಅವನು ಒತ್ತುವರಿದಾರ. ಒತ್ತುವರಿದಾರ ಬದು ಹಾಕಿದ್ರೆ ಅರಣ್ಯ ಇಲಾಖೆ ಕೇಸ್ ಹಾಕುತ್ತೆ, ಗಿಡ ನೆಟ್ಟರೆ ಜೆಸಿಬಿ ಬರುತ್ತೆ. ಇವನಿಗೆ ಸುಸ್ಥಿರ ಕೃಷಿ ತರಬೇತಿ ಕೊಡ್ತೀರಾ?

ಸವಲತ್ತೂ ಹಾಗೇ. ಮಣ್ಣು ಆರೋಗ್ಯ ಚೀಟಿ, ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ, ಸಾವಯವ ಗುಂಪಿನ ನೋಂದಣಿ, ಬೆಳೆ ನಷ್ಟ ಪರಿಹಾರ, ಎಲ್ಲದಕ್ಕೂ ಮೊದಲ ಕಾಗದ ಪಹಣಿ. ವಾರಕ್ಕೆ ಮಾಡಿದವನ ಬೆಳೆ ಹೋದರೆ ಪರಿಹಾರ ಹೋಗೋದು ಬೆಂಗಳೂರಲ್ಲಿರೋ ಮಾಲೀಕನ ಖಾತೆಗೆ. ಇದನ್ನ ನಾನು ಕಚೇರಿಯಲ್ಲಿ ಕೂತು ಕಣ್ಣಾರೆ ನೋಡೋನು. ನಿಯಮ ಹಾಗಿದೆ, ನನ್ನ ಕೈಯಲ್ಲಿ ಸೀಲು ಮಾತ್ರ.

ನಮ್ಮ ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರ್ತಿದೆ, ಬೆಂಗಳೂರಿನ ಕೊಳಚೆ ಎರಡು ಹಂತದಲ್ಲಿ ಶುದ್ಧ ಮಾಡಿದ್ದು. ಬತ್ತಿದ್ದ ಕೆರೆ ತುಂಬಿದವು. ತೂಬು ಎತ್ತೋಕೆ ನೀರುಗಂಟಿ ಇಲ್ಲ, ಕೊಳವೆಬಾವಿ ಇದ್ದವನಿಗೆ ನೀರು, ಕೊಳವೆಬಾವಿ ಕೊರೆಸೋಕೆ ಲಕ್ಷಗಟ್ಟಲೆ ಬೇಕು. ಕೆರೆ ತುಂಬಿದರೂ ನಮ್ಮ ಕೇರಿಯವರ ಹೊಲ ಒಣಗೇ ಇದೆ. ಇದರ ಬಗ್ಗೆ ಇನ್ನೊಂದು ಸಲ ಪೂರ್ತಿ ಬರೀತೀನಿ.

ಸದ್ಯಕ್ಕೆ ಸಂಗಾತಿಗಳಲ್ಲಿ ಎರಡು ಕೆಲಸ ಕೇಳ್ತಿದೀನಿ. ನಿಮ್ಮೂರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಸರ್ವೆ ನಂಬರ್, ಈಗ ಅದು ಯಾರ ಹೆಸರಲ್ಲಿದೆ, ಪಾಳು ಬಿದ್ದಿದೆಯಾ, ಉಳ್ತಿದಾರಾ ಅಂತ ಬರೆದು ಕಳಿಸಿ. ಹಳೇ ಕೈಬರಹದ ಪಹಣಿ, ಸಾಗುವಳಿ ಚೀಟಿ ಇದ್ರೆ ಫೋಟೋ ಹೊಡೆದು ಇನ್‌ಬಾಕ್ಸ್‌ಗೆ ಹಾಕಿ, ಓದೋಕೆ ಬರದಿದ್ರೆ ನಾನು ಓದಿ ಹೇಳ್ತೀನಿ, ಭಾನುವಾರ ಪೂರ್ತಿ ಬಿಡುವಿರ್ತೀನಿ. ಎರಡನೇದು, ಮನೆಯಲ್ಲಿ ಅಜ್ಜಿ ಇದ್ರೆ ಅವರ ಹತ್ರ ಕೂತು ಅವರ ಕಾಲದ ರಾಗಿ, ಅವರೆ, ಜೋಳದ ತಳಿಗಳ ಹೆಸರು ಕೇಳಿ ಬರ್ಕೊಳ್ಳಿ. ನಮ್ಮ ದೊಡ್ಡವ್ವ ಹೋದ ತಿಂಗಳು ಒಂದೇ ಉಸಿರಿಗೆ ಒಂಬತ್ತು ರಾಗಿ ಹೆಸರು ಹೇಳಿದಳು. ಅದರಲ್ಲಿ ಎರಡರ ಬೀಜ ಇನ್ನೂ ಆಕೆಯ ಅಟ್ಟದ ಮೇಲಿದೆ.